ಬರಿಗಾಲಿನ ಅಹಮದ್ ಖಾನ್

 

ಈ ಸಲ ನಮ್ಮ ಗೋಡೆ ಪತ್ರಿಕೆಯಲ್ಲಿ ‘ಮಹನೀಯರ ಪರಿಚಯ’ ಬರೆಯುವ ಸರದಿ ನನ್ನದು. ಹೋದ ತಿಂಗಳು ಸರ್ ಎಂ. ವಿಶ್ವೇಶ್ವರಯ್ಯನವರ ಪರಿಚಯ ಬಂದಿತ್ತು. ಅದಕ್ಕೂ ಮುಂಚೆ ಕುವೆಂಪು. ಕನ್ನಡ ಮೇಷ್ಟ್ರು “ನೀನು ಯಾರ ಮೇಲೆ ಬರೀತೀಯಪ್ಪ?” ಅಂತ ಕೇಳಿದಾಗ “ಒಬ್ಬ ಫುಟ್ಬಾಲ್ ಆಟಗಾರರ ಮೇಲೆ ಸಾರ್” ಅಂದೆ. “ಪೀಲೆನಾ?” ಅಂದ್ರು. “ಅಲ್ಲ ಸಾರ್, ನಮ್ಮ ಬೆಂಗಳೂರಿನವರು” ಅಂದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರಿ, ಆದ್ರೆ ಇಸವಿಗಳು ಸರಿಯಾಗಿರಬೇಕು, ಗೋಡೆ ಮೇಲೆ ಹಾಕಿದ್ದನ್ನ ಇಡೀ ಊರು ಓದ್ತದೆ” ಅಂದ್ರು. ಆದ್ದರಿಂದ ಇಸವಿಗಳನ್ನು ಪಿ.ಟಿ. ಮೇಷ್ಟ್ರ ಹತ್ತಿರ ಎರಡು ಸಲ ಓದಿಸಿ ನೋಡಿ ಬರೆದಿದ್ದೇನೆ.

ಯಾಕೆ ಈ ವಿಷಯ ಆರಿಸಿಕೊಂಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ದಸರಾ ರಜೆಗೆ ಮುಂಚೆ ನಂಜನಗೂಡಿನ ಕಡೆಯ ಒಂದು ಶಾಲೆಯ ಹುಡುಗರ ಜೊತೆ ನಮ್ಮ ಪಂದ್ಯ ಆಗಿದ್ದು ನಿಮಗೆಲ್ಲ ಗೊತ್ತು. ಅವರ ಹನ್ನೊಂದು ಜನರಿಗೂ ಬೂಟು ಇತ್ತು. ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ. ಸರ್ಕಾರ ಕೊಟ್ಟ ಕಪ್ಪು ಶೂ ಇದೆ, ಆದರೆ ಅದರಲ್ಲಿ ಬಾಲ್ ಒದ್ದರೆ ಮುಂದುಗಡೆ ಬಾಯಿ ಬಿಡುತ್ತದೆ, ಆಮೇಲೆ ಮನೆಯಲ್ಲಿ ಅವ್ವ ಬಾಯಿ ಬಿಡುತ್ತಾಳೆ. 6-0 ಸೋತೆವು. ಗೋಲಿ ನಾನೇ. ಆ ಆರನ್ನೂ ನನ್ನಷ್ಟು ಹತ್ತಿರದಿಂದ ಯಾರೂ ನೋಡಿಲ್ಲ.

ಸೋತಿದ್ದು ಹೋಗಲಿ. ನನ್ನ ಬೆಂಚಿನಲ್ಲಿ ಕೂರುವ ಗೆಳೆಯನ ಕಾಲ ಹೆಬ್ಬೆರಳಿನ ಮೇಲೆ ಒಬ್ಬ ಬೂಟು ಹಾಕಿದವನು ಕಾಲಿಟ್ಟು ಉಗುರು ಎದ್ದು ಹೋಯಿತು. ಬೇಕೂಂತ ಮಾಡಲಿಲ್ಲ ಅವನು. ಆದರೂ ಹದಿನೈದು ದಿನ ನಮ್ಮವನು ಕುಂಟಿಕೊಂಡು ಬಂದ. ಅವನ ಅಪ್ಪ ಶಾಲೆಗೆ ಬಂದು “ಕಬ್ಬು ಕಡಿಯೋ ಕಾಲು ಸಾರ್ ಇದು, ಚೆಂಡಾಟಕ್ಕೆ ಕಳಿಸಲ್ಲ” ಅಂತ ಹೇಳಿ ಹೋದರು. ಅವತ್ತಿನಿಂದ ಬಾಲು ಆಫೀಸ್ ರೂಮಿನ ಬೀರುವಿನ ಮೇಲೆ ಕೂತಿದೆ. ಗಾಳಿ ಇಳಿದು ಹಳೇ ಕುಂಬಳಕಾಯಿ ಥರ ಆಗಿದೆ. ಗೆಳೆಯ ಒಂದು ದಿನ ಊಟದ ಹೊತ್ತಲ್ಲಿ ನನಗೆ ಅಂದ: “ಇದು ಬೂಟಿರೋರ ಆಟ ಕಣ್ಲಾ. ನಮ್ದಲ್ಲ.”

ಆ ಮಾತು ನಿಜವೋ ಸುಳ್ಳೋ ಅಂತ ತಿಳಿಯಬೇಕಿತ್ತು. ಪಿ.ಟಿ. ಮೇಷ್ಟ್ರನ್ನ ಕೇಳಿದೆ. ಅವರು “ಅಹಮದ್ ಖಾನ್ ಅಂತ ಒಬ್ರಿದ್ರು, ತಿಳ್ಕೊಂಡು ಬಾ” ಅಂದ್ರು. ತಿಳಿದುಕೊಂಡಿದ್ದನ್ನು ಈಗ ಬರೆಯುತ್ತೇನೆ. ಉತ್ತರ ಅಷ್ಟು ಸುಲಭವಾಗಿ ಇರಲಿಲ್ಲ ಅಂತ ಈಗಲೇ ಹೇಳಿರುತ್ತೇನೆ.

ಹುಟ್ಟು ಮತ್ತು ಊರು

ಅಹಮದ್ ಖಾನ್ ಅವರು 1926ನೇ ಇಸವಿ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಆಗ ನಮ್ಮ ಕಡೆಗೆಲ್ಲ ಮೈಸೂರು ಸಂಸ್ಥಾನ. ಮನೆಯಲ್ಲೇ ಆಟ ಇತ್ತು. ತಂದೆಯೂ ಫುಟ್ಬಾಲ್ ಆಟಗಾರರು, ಅಣ್ಣತಮ್ಮಂದಿರೂ ಆಟಗಾರರು. ನಮ್ಮೂರಲ್ಲಿ ಒಂದೇ ಮನೆಯ ಐದು ಜನ ಸೇರಿ ತಮಟೆ ಬಾರಿಸುತ್ತಾರಲ್ಲ, ಹಂಗೆ.

ಬೆಂಗಳೂರಿಗೆ ಫುಟ್ಬಾಲ್ ಹೇಗೆ ಬಂತು? ಅಲ್ಲಿ ದಂಡು ಪ್ರದೇಶ ಇತ್ತು, ಅಂದರೆ ಬ್ರಿಟಿಷ್ ಸೈನ್ಯ ಇದ್ದ ಜಾಗ. ಸಿಪಾಯಿಗಳು ಸಾಯಂಕಾಲ ಬಾಲ್ ಆಡುತ್ತಿದ್ದರು. ಸುತ್ತಮುತ್ತಲಿನ ಬಡಾವಣೆಗಳ ಹುಡುಗರು ಬೇಲಿ ಹೊರಗೆ ನಿಂತು ನೋಡಿ ಕಲಿತರು. ಹಲಸೂರು, ಆಸ್ಟಿನ್ ಟೌನ್, ಗೌತಮಪುರ, ಇಂಥ ಕಡೆಗಳಲ್ಲಿ ಇವತ್ತಿಗೂ ಫುಟ್ಬಾಲ್ ಹುಚ್ಚು ಇದೆಯಂತೆ. ಗೌತಮಪುರದಲ್ಲಿ ಪೀಲೆಯ ಪ್ರತಿಮೆಯೇ ಇದೆ. ಸಿಪಾಯಿಗಳಿಗೆ ಬೂಟು ಇತ್ತು, ನೋಡಿ ಕಲಿತ ಹುಡುಗರಿಗೆ ಇರಲಿಲ್ಲ. ಆದ್ದರಿಂದ ಅವರು ಬರಿಗಾಲಲ್ಲೇ ಕಲಿತರು. ಬೂಟಿಲ್ಲ ಅಂತ ಆಟ ಬಿಡಲಿಲ್ಲ, ಕಾಲನ್ನೇ ಬೂಟಿನ ಹಾಗೆ ಗಟ್ಟಿ ಮಾಡಿಕೊಂಡರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಅನ್ನುವ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಆ ಕಪ್ಪು ಬ್ರಿಟಿಷ್ ಪಲ್ಟನ್ನುಗಳ ಕೈಯಲ್ಲೇ ಇತ್ತು. ಮಾರನೇ ವರ್ಷ, 1938ರಲ್ಲೂ ಅವರೇ ಗೆದ್ದರು. ಆಗ ಅಹಮದ್ ಖಾನ್ ಅವರಿಗೆ ಹನ್ನೊಂದು ವರ್ಷ, ಅಂದರೆ ನಮ್ಮ ಐದನೇ ಕ್ಲಾಸಿನವರ ವಯಸ್ಸು.

ಇನ್ನೊಂದು ಮಾತು. ರಾಜ್ಯ ರಾಜ್ಯಗಳ ನಡುವೆ ನಡೆಯುವ ಪಂದ್ಯಾವಳಿಗೆ ಸಂತೋಷ್ ಟ್ರೋಫಿ ಅಂತ ಹೆಸರು. ಗೆದ್ದವರಿಗೆ ಸಂತೋಷ ಆಗುತ್ತದೆ, ಅದಕ್ಕೆ ಆ ಹೆಸರು ಅಂತ ನಾನು ಅಂದುಕೊಂಡಿದ್ದೆ. ಅಲ್ಲವಂತೆ. ಸಂತೋಷ್ ಅನ್ನುವುದು ಈಗ ಬಾಂಗ್ಲಾದೇಶದಲ್ಲಿರುವ ಒಂದು ಊರು, ಅಲ್ಲಿನ ಮಹಾರಾಜರ ನೆನಪಿಗೆ ಇಟ್ಟ ಹೆಸರು. ಈ ಪಂದ್ಯಾವಳಿ ಶುರುವಾಗಿದ್ದು 1941ರಲ್ಲಿ. ನಮ್ಮ ಮೈಸೂರು ತಂಡ ಇದನ್ನು ನಾಲ್ಕು ಸಲ ಗೆದ್ದಿದೆ: 1946-47, 1952-53, 1967-68 ಮತ್ತು 1968-69. ಆಮೇಲೆ 54 ವರ್ಷ ಗೆಲ್ಲಲೇ ಇಲ್ಲ. 2023ರ ಮಾರ್ಚಿನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು. ಈ ವಿಷಯ ನಮ್ಮ ಕ್ಲಾಸಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕ್ರಿಕೆಟ್ ಆಗಿದ್ದರೆ ಗೊತ್ತಿರುತ್ತಿತ್ತು.

ಬರಿಗಾಲಲ್ಲಿ ಏನು ಲಾಭ, ಏನು ನಷ್ಟ

ಇದನ್ನು ನಾನು ಮಾಡಿ ನೋಡಿದೆ. ಒಕ್ಕಣೆ ಕಣದಲ್ಲಿ ಅಣ್ಣನನ್ನು ನಿಲ್ಲಿಸಿಕೊಂಡು ಮೊದಲು ಬರಿಗಾಲಲ್ಲಿ, ಆಮೇಲೆ ಅವನ ಶೂನಲ್ಲಿ ಬಾಲ್ ತಡೆದೆ. (ಬಾಲು ಪಕ್ಕದ ಮನೆಯವರದು, ಪ್ಲಾಸ್ಟಿಕ್ಕಿನದು.) ಬರಿಗಾಲಲ್ಲಿ ಬಾಲು ಎಲ್ಲಿ ತಾಗಿತು, ಎಷ್ಟು ಜೋರು ತಾಗಿತು ಅಂತ ಚರ್ಮಕ್ಕೇ ಗೊತ್ತಾಗುತ್ತದೆ. ಬೆರಳುಗಳಿಂದ ಮೆಲ್ಲಗೆ ಹಿಡಿದು ನಿಲ್ಲಿಸಬಹುದು. ಮುದ್ದೆ ನುಂಗುವಾಗ ಕೈಗೆ ಬಿಸಿ ತಿಳಿಯುತ್ತದೆ, ಚಮಚಕ್ಕೆ ತಿಳಿಯುವುದಿಲ್ಲವಲ್ಲ, ಹಾಗೆ. ಶೂ ಹಾಕಿದಾಗ ಬಾಲು ಗೋಡೆಗೆ ತಾಗಿದಂತೆ ಪುಟಿದು ದೂರ ಹೋಯಿತು.

ಆಮೇಲೆ ನಲ್ಲಿ ಹತ್ತಿರದ ಕೆಸರಿಗೆ ಹೋದೆವು. ಅಲ್ಲಿ ಎಲ್ಲ ತಿರುಗಿತು. ಬರಿಗಾಲಲ್ಲಿ ಓಡಿ ತಿರುಗಲು ಹೋಗಿ ನಾನು ಎರಡು ಸಲ ಬಿದ್ದೆ. ಅಣ್ಣನ ಎಂಟನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ‘ಘರ್ಷಣೆ’ ಅಂತ ಪಾಠ ಇದೆ. ಎರಡು ಮೇಲ್ಮೈಗಳ ನಡುವೆ ನೀರು ಬಂದರೆ ಘರ್ಷಣೆ ಕಡಿಮೆಯಾಗಿ ಕಾಲು ಜಾರುತ್ತದೆ. ಫುಟ್ಬಾಲ್ ಬೂಟಿನ ಅಡಿಯಲ್ಲಿ ಗುಬುಟುಗಳಿರುತ್ತವೆ. ಅವು ಹುಲ್ಲು ದಾಟಿ ಮಣ್ಣಿಗೆ ಕಚ್ಚಿಕೊಳ್ಳುತ್ತವೆ. ಅದಕ್ಕೇ ಬೂಟಿನವರು ಜಾರುವುದಿಲ್ಲ.

ಆ ಕಾಲದ ಬಾಲು ನಿಜವಾದ ಚರ್ಮದ್ದು. ಒಳಗೆ ರಬ್ಬರ್ ಬ್ಲಾಡರ್, ಮೇಲೆ ಚರ್ಮದ ತುಂಡುಗಳನ್ನು ಹೊಲಿದು ಬಾಯಿಗೆ ದಾರ ಕಟ್ಟುತ್ತಿದ್ದರು. ನಿಯಮದ ಪ್ರಕಾರ ಆಟ ಶುರುವಾಗುವಾಗ ಬಾಲಿನ ತೂಕ 410ರಿಂದ 450 ಗ್ರಾಂ ಇರಬೇಕು. ಆದರೆ ಚರ್ಮ ನೀರು ಕುಡಿಯುತ್ತದೆ. ಮಳೆ ಬಂದರೆ ಆಟ ಮುಗಿಯುವ ಹೊತ್ತಿಗೆ ಅದು ಕಲ್ಲಿನ ಹಾಗಾಗುತ್ತಿತ್ತು. ಅಂಥದ್ದನ್ನು ಬರಿಗಾಲಲ್ಲಿ ಒದೆಯಬೇಕು! ನೆಗ್ಗಿಲು ಮುಳ್ಳಿನ ನಮ್ಮ ಮೈದಾನವೇ ಪರವಾಗಿಲ್ಲ ಅನ್ನಿಸಿತು ನನಗೆ.

ಹೀಗಾಗಿ ಒಣಗಿದ ನೆಲದಲ್ಲಿ ಬರಿಗಾಲು ಮೇಲು, ಒದ್ದೆ ನೆಲದಲ್ಲಿ ಮತ್ತು ಚಳಿಯಲ್ಲಿ ಬೂಟು ಮೇಲು. 1911ರ ಜುಲೈ 29ರಂದು ಕಲ್ಕತ್ತದಲ್ಲಿ ಮೋಹನ್ ಬಾಗಾನ್ ತಂಡದವರು ಬೂಟು ಹಾಕಿದ ಈಸ್ಟ್ ಯಾರ್ಕ್‌ಶೈರ್ ಪಲ್ಟನ್ನನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದಾಗ ಅವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. ಇದನ್ನು ಗೆಳೆಯನಿಗೆ ಹೇಳಿದೆ. ಅವನು “ಅವ್ರ ಉಗುರು ಏನಾಯ್ತು ಅಂತ ಬರ್ದಿಲ್ವಾ?” ಅಂದ. ಬರೆದಿಲ್ಲ.

ಲಂಡನ್ 1948: ಎಪ್ಪತ್ತನೇ ನಿಮಿಷ

ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. 1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆಯಿತು. ಭಾರತದ ಫುಟ್ಬಾಲ್ ತಂಡ ಹೋಯಿತು. ನಾಯಕರು ತಾಲಿಮೆರೆನ್ ಆವೊ, ನಾಗಾ ಬೆಟ್ಟಗಳ ಕಡೆಯವರು, ವೈದ್ಯರಾಗಲು ಓದುತ್ತಿದ್ದವರು. ತಂಡದಲ್ಲಿ ನಮ್ಮ ಅಹಮದ್ ಖಾನ್, ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್, ನಮ್ಮ ಸಂಸ್ಥಾನದವರು ಇನ್ನೂ ಕೆಲವರು. ಅಹಮದ್ ಖಾನ್ ಅವರಿಗೆ ಆಗ 21 ವರ್ಷ. ನಮ್ಮ ಅಜ್ಜಿಗೆ ಇದನ್ನು ಓದಿ ಹೇಳಿದಾಗ “ಬೂಟಿಲ್ದೆ ಸೀಮೆಗೆ ಹೋದ್ರಾ! ಚಳಿ ಆಗ್ನಿಲ್ವಾ?” ಅಂತ ಕೇಳಿತು.

ಜುಲೈ 31ರಂದು ಲಂಡನ್ ಪಕ್ಕದ ಇಲ್ಫರ್ಡ್ ಎಂಬಲ್ಲಿ ಫ್ರಾನ್ಸ್ ಜೊತೆ ಪಂದ್ಯ. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಕೆಲವರು ಪಟ್ಟಿ ಸುತ್ತಿಕೊಂಡಿದ್ದರು. ಫ್ರಾನ್ಸಿನವರು 30ನೇ ನಿಮಿಷದಲ್ಲಿ ಒಂದು ಗೋಲು ಹೊಡೆದರು. ನಮಗೆ ಎರಡು ಪೆನಾಲ್ಟಿ ಸಿಕ್ಕಿತು. ಪೆನಾಲ್ಟಿ ಅಂದರೆ ಗೋಲಿನಿಂದ 12 ಗಜ, ಅಂದರೆ ಸುಮಾರು 11 ಮೀಟರ್ ದೂರದಲ್ಲಿ ಬಾಲ್ ಇಟ್ಟು ಗೋಲಿಯೊಬ್ಬನನ್ನೇ ಎದುರಿಗೆ ನಿಲ್ಲಿಸಿ ಹೊಡೆಯುವುದು. ನನ್ನ ಹೆಜ್ಜೆಯಲ್ಲಿ ಹದಿನಾರು ಹೆಜ್ಜೆ. ಎರಡೂ ಪೆನಾಲ್ಟಿಗಳು ಗೋಲಾಗಲಿಲ್ಲ! ಎರಡು ಸಲ! ಆದರೂ ನಮ್ಮವರು ಬಿಡಲಿಲ್ಲ. 70ನೇ ನಿಮಿಷದಲ್ಲಿ ರಾಮನ್ ಗೋಲು ಹೊಡೆದರು. 1-1. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಅದೇ ಮೊದಲ ಗೋಲು. ಹೊಡೆದವರು ನಮ್ಮ ಮೈಸೂರು ಸಂಸ್ಥಾನದವರು. ಇದನ್ನು ಎರಡು ಸಲ ಓದಿಕೊಳ್ಳಿ ದಯವಿಟ್ಟು.

ಆಮೇಲೆ 89ನೇ ನಿಮಿಷದಲ್ಲಿ ಫ್ರಾನ್ಸ್ ಇನ್ನೊಂದು ಹೊಡೆಯಿತು. 2-1 ಸೋತೆವು.

ಇಲ್ಲಿ ನಾನು ಒಂದು ವಿಷಯ ಕಂಡುಹಿಡಿದೆ. ಪಿ.ಟಿ. ಮೇಷ್ಟ್ರೂ ಒಪ್ಪಿದ್ದಾರೆ. ಆ ಕಾಲದಲ್ಲಿ ನಮ್ಮ ದೇಶದ ಪಂದ್ಯಗಳು 70 ನಿಮಿಷದವು. ಒಲಿಂಪಿಕ್ಸಿನಲ್ಲಿ 90 ನಿಮಿಷ. ಈಗ ಲೆಕ್ಕ ಹಾಕಿ. ರಾಮನ್ ಗೋಲು ಹೊಡೆದಿದ್ದು 70ರಲ್ಲಿ. ನಮ್ಮ ದೇಶದ ಲೆಕ್ಕದಲ್ಲಿ ಅಲ್ಲಿಗೆ ಸೀಟಿ ಊದಬೇಕಿತ್ತು, ಪಂದ್ಯ ಸಮ! ಅಲ್ಲಿಂದ ಮುಂದಿನ 20 ನಿಮಿಷ ನಮ್ಮವರ ಕಾಲುಗಳು ಎಂದೂ ಓಡದ 20 ನಿಮಿಷ. ಸೋತಿದ್ದು ಬೂಟಿಲ್ಲದ್ದಕ್ಕೆ ಮಾತ್ರ ಅಲ್ಲ, ದಮ್ಮು ಸಾಲದ್ದಕ್ಕೂ ಇರಬಹುದು ಅಂತ ನನಗೆ ಅನ್ನಿಸುತ್ತದೆ. ನಮ್ಮ ಪಂದ್ಯದಲ್ಲೂ ಆರರಲ್ಲಿ ನಾಲ್ಕು ಗೋಲು ಬಿದ್ದಿದ್ದು ಕೊನೆಯ ಭಾಗದಲ್ಲಿ. ಆಗ ನಮ್ಮ ಹುಡುಗರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಗೋಲ್ ಹತ್ತಿರ ನಿಂತು ಎಲ್ಲರನ್ನೂ ನಾನು ನೋಡುತ್ತಿದ್ದೆ.

ಸೋತರೂ ಅಲ್ಲಿಯ ಜನ ನಮ್ಮವರ ಆಟ ಮೆಚ್ಚಿಕೊಂಡರು. ಬೂಟು ಯಾಕೆ ಹಾಕಲಿಲ್ಲ ಅಂತ ಪತ್ರಿಕೆಯವರು ಕೇಳಿದಾಗ ನಾಯಕ ಆವೊ ಅವರು, ನಾವು ಆಡುವುದು ಫುಟ್ಬಾಲ್, ನೀವು ಆಡುವುದು ಬೂಟ್‌ಬಾಲ್ ಎಂಬರ್ಥದ ಮಾತು ಹೇಳಿದರಂತೆ. ಫುಟ್ ಅಂದರೆ ಪಾದ ಅಂತ ನಾಲ್ಕನೇ ಕ್ಲಾಸಿನವರಿಗೂ ಗೊತ್ತು. ಅಹಮದ್ ಖಾನ್ ಅವರಿಗೆ ‘ಹಾವಾಡಿಗ’ ಅಂತ ಹೆಸರು ಬಂತು. ಹಾವಾಡಿಗ ಪುಂಗಿ ಆಡಿಸಿದ ಕಡೆಗೆಲ್ಲ ಹಾವು ತಲೆ ತಿರುಗಿಸುವುದಿಲ್ಲವೇ? ಅವರ ಕಾಲು ಅಲ್ಲಾಡಿದ ಕಡೆಗೆ ಬಾಲು ಹೋಗುತ್ತಿತ್ತು, ಬಾಲಿನ ಹಿಂದೆ ಎದುರಾಳಿಯೂ ಹೋಗುತ್ತಿದ್ದ, ಅಷ್ಟರಲ್ಲಿ ಅವರು ಇನ್ನೊಂದು ಕಡೆಯಿಂದ ದಾಟಿರುತ್ತಿದ್ದರು. ಹೀಗೆ ಬಾಲನ್ನು ಕಾಲಿನಲ್ಲೇ ಇಟ್ಟುಕೊಂಡು ಜನರನ್ನು ದಾಟುವುದಕ್ಕೆ ಡ್ರಿಬ್ಲಿಂಗ್ ಅನ್ನುತ್ತಾರೆ.

ಕಲ್ಕತ್ತದ ಪಂಚ ಪಾಂಡವರು

1949ರಲ್ಲಿ ಅಹಮದ್ ಖಾನ್ ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಸೇರಿದರು. ಆಗ ನಮ್ಮ ದೇಶದಲ್ಲಿ ಫುಟ್ಬಾಲ್ ಆಡಿಯೇ ಬದುಕುತ್ತೇನೆ ಅಂತ ಕಾಗದದ ಮೇಲೆ ಬರೆದುಕೊಡುವ ಹಾಗಿರಲಿಲ್ಲ. ಒಲಿಂಪಿಕ್ಸಿಗೆ ಹೋಗುವವರು ಸಂಬಳದ ಆಟಗಾರರಾಗಿರಬಾರದು ಅಂತ ನಿಯಮವಿತ್ತು. ಆದರೆ ಒಳ್ಳೆ ಆಟಗಾರರನ್ನು ಕಲ್ಕತ್ತದ ದೊಡ್ಡ ಕ್ಲಬ್ಬುಗಳು ದೂರದಿಂದ ಹುಡುಕಿ ಕರೆಸಿಕೊಳ್ಳುತ್ತಿದ್ದವು. ಇಪ್ಪತ್ತೆರಡು ವರ್ಷದ ಹುಡುಗ ಬೆಂಗಳೂರಿನಿಂದ ಅಷ್ಟು ದೂರ, ಗೊತ್ತಿಲ್ಲದ ಭಾಷೆಯ ಊರಿಗೆ ಹೋದರು. ನಾನು ತಿ. ನರಸೀಪುರದ ಸಂಗಮ ದಾಟಿ ತಲಕಾಡಿಗೆ ಪ್ರವಾಸ ಹೋಗಿದ್ದೇ ಬಹಳ ದೂರ.

ಈಸ್ಟ್ ಬೆಂಗಾಲ್ ಕ್ಲಬ್ ಹುಟ್ಟಿದ್ದು 1920ರ ಆಗಸ್ಟ್ 1ರಂದು. 1947ರಲ್ಲಿ ದೇಶ ಎರಡಾದಾಗ ಪೂರ್ವ ಬಂಗಾಳದಿಂದ ಲಕ್ಷಗಟ್ಟಲೆ ಜನ ಮನೆ ಹೊಲ ಬಿಟ್ಟು ಕಲ್ಕತ್ತಕ್ಕೆ ಬಂದರು. ಅವರ ಊರಿನ ಹೆಸರು ಉಳಿದಿದ್ದು ಈ ಕ್ಲಬ್ಬಿನಲ್ಲಿ. ಆದ್ದರಿಂದ ಈ ತಂಡ ಗೆದ್ದರೆ ಅವರಿಗೆ ತಮ್ಮ ಊರೇ ಗೆದ್ದಂತೆ. ಕ್ಲಬ್ಬಿನ ಬಣ್ಣ ಕೆಂಪು ಮತ್ತು ಹೊಂಬಣ್ಣ. ಹೆಚ್ಚುಕಮ್ಮಿ ನಮ್ಮ ಅರಿಶಿನ ಕುಂಕುಮದ ಬಾವುಟವೇ! ಇದು ಬರೀ ಆಕಸ್ಮಿಕ, ಆದರೂ ನನಗೆ ಖುಷಿಯಾಯಿತು.

ಆ ಕಾಲದ ಆಟದಲ್ಲಿ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ನಿಲ್ಲುತ್ತಿದ್ದರು. (ಪಕ್ಕದಲ್ಲಿ ಕೆಂಪು ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆದಿದ್ದೇನೆ. ಗೋಲಿ ಸ್ವಲ್ಪ ದಪ್ಪ ಆಗಿದ್ದಾನೆ.) ಈಸ್ಟ್ ಬೆಂಗಾಲಿನ ಮುಂದಿನ ಸಾಲಿನಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ ಎಂಬ ಐವರು. ಐದೂ ಜನ ದಕ್ಷಿಣ ಭಾರತದವರು. ಅಹಮದ್ ಖಾನ್ ನಿಲ್ಲುತ್ತಿದ್ದ ಜಾಗಕ್ಕೆ ಇನ್‌ಸೈಡ್ ಲೆಫ್ಟ್ ಅಂತ ಹೆಸರು, ಅಂದರೆ ಎಡಗಡೆ ಅಂಚಿನವನಿಗೂ ಮಧ್ಯದವನಿಗೂ ನಡುವೆ. ತಾನು ಗೋಲು ಹೊಡೆಯುವುದಕ್ಕಿಂತ ಪಕ್ಕದವರಿಗೆ ಹೊಡೆಯುವ ದಾರಿ ಮಾಡಿಕೊಡುವ ಜಾಗ ಅದು. ಕಲ್ಕತ್ತದವರು ಈ ಐವರನ್ನು ‘ಪಂಚ ಪಾಂಡವರು’ ಅಂತ ಕರೆದರು. ಯಾರು ಭೀಮ, ಯಾರು ಅರ್ಜುನ ಅಂತ ಹೇಳಿಲ್ಲ. ನಮ್ಮ ಕ್ಲಾಸಿನಲ್ಲಿ ಇದರ ಮೇಲೆ ಅರ್ಧ ಗಂಟೆ ಜಗಳ ಆಯಿತು.

1949ರಲ್ಲೇ ಈ ತಂಡ ಕಲ್ಕತ್ತ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಶೀಲ್ಡನ್ನು 1949, 1950, 1951 ಹೀಗೆ ಸತತ ಮೂರು ವರ್ಷ ಗೆದ್ದರು. ಡ್ಯೂರಾಂಡ್ ಕಪ್ಪನ್ನು 1951 ಮತ್ತು 1952ರಲ್ಲಿ. 1953ರಲ್ಲಿ ಈ ಕ್ಲಬ್ಬು ರುಮೇನಿಯಾ ಮತ್ತು ಸೋವಿಯತ್ ದೇಶಕ್ಕೂ ಹೋಗಿ ಬಂತು, ಮಾಸ್ಕೋದ ಟಾರ್ಪೆಡೋ ತಂಡದ ಜೊತೆ 3-3 ಸಮ ಮಾಡಿಕೊಂಡಿತು. ಅಹಮದ್ ಖಾನ್ ಸುಮಾರು ಹತ್ತು ವರ್ಷ ಅದೇ ಕ್ಲಬ್ಬಿಗೆ ಆಡಿದರು. ಹೆಸರು ಹಿಂದೂ ಪುರಾಣದ್ದು, ಐವರಲ್ಲಿ ಇಬ್ಬರು ಮುಸಲ್ಮಾನರು, ಕೂಗಿ ಹುರಿದುಂಬಿಸುತ್ತಿದ್ದವರು ದೇಶ ಒಡೆದಾಗ ಮನೆ ಕಳೆದುಕೊಂಡು ಬಂದವರು. ಸಮಾಜ ಮೇಷ್ಟ್ರು ಇದನ್ನು ಓದಿ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರು. ತಪ್ಪು ಅಂತ ಅಲ್ಲ, ಚೆನ್ನಾಗಿದೆ ಅಂತ.

ದೆಹಲಿಯ ಚಿನ್ನ, ಮತ್ತು ಹೋಗದೇ ಇದ್ದ ಬ್ರೆಜಿಲ್

1951ರ ಮಾರ್ಚಿನಲ್ಲಿ ಮೊದಲನೇ ಏಷ್ಯನ್ ಕ್ರೀಡಾಕೂಟ ದೆಹಲಿಯಲ್ಲಿ ನಡೆಯಿತು. ತರಬೇತಿ ಕೊಟ್ಟವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಇವರು ಮೊದಲು ಶಾಲಾ ಮೇಷ್ಟ್ರಾಗಿದ್ದವರು. ಇಂಡೋನೇಷ್ಯಾವನ್ನು 3-0, ಅಫ್ಘಾನಿಸ್ತಾನವನ್ನು 3-0, ಫೈನಲಿನಲ್ಲಿ ಇರಾನ್ ತಂಡವನ್ನು 1-0 ಸೋಲಿಸಿ ಭಾರತ ಚಿನ್ನ ಗೆದ್ದಿತು. ಫೈನಲಿನ ಗೋಲು ಮೇವಾಲಾಲ್ ಅವರದು. ಆ ತಂಡದಲ್ಲಿ ಅಹಮದ್ ಖಾನ್ ಇದ್ದರು.

ಅದರ ಹಿಂದಿನ ವರ್ಷ, 1950ರಲ್ಲಿ, ಬ್ರೆಜಿಲ್ ದೇಶದಲ್ಲಿ ವಿಶ್ವಕಪ್ ನಡೆದಿತ್ತು. ಅದಕ್ಕೆ ಭಾರತಕ್ಕೆ ಅವಕಾಶ ಸಿಕ್ಕಿತ್ತು, ಆದರೆ ಹೋಗಲಿಲ್ಲ. ಬೂಟು ಹಾಕದಿದ್ದರೆ ಆಡಿಸುವುದಿಲ್ಲ ಅಂದಿದ್ದಕ್ಕೆ ಹೋಗಲಿಲ್ಲ ಅಂತ ಒಂದು ಕಥೆ ಇದೆ. ನಾನೂ ಅದನ್ನೇ ಬರೆಯಲು ಹೊರಟಿದ್ದೆ. ಆದರೆ ಅದು ಪೂರ್ತಿ ನಿಜ ಅಲ್ಲವಂತೆ. ಹಡಗಿನ ದೂರದ ಪ್ರಯಾಣ, ಖರ್ಚು, ತಯಾರಿಗೆ ಸಮಯ ಸಾಲದ್ದು, ಎಲ್ಲಕ್ಕಿಂತ ಹೆಚ್ಚಾಗಿ ಆಗ ನಮ್ಮ ಫುಟ್ಬಾಲ್ ನಡೆಸುವವರಿಗೆ ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದಾಗಿ ಕಂಡಿದ್ದು, ಇವು ಕಾರಣಗಳು. ಅಂದರೆ ಬರಿಗಾಲಿನ ಮೇಲೆ ಸುಮ್ಮನೆ ಆಪಾದನೆ ಬಂದಿದೆ. ಅವತ್ತು ಹೋಗಿದ್ದರೆ ಅಹಮದ್ ಖಾನ್ ವಿಶ್ವಕಪ್ ಆಡಿರುತ್ತಿದ್ದರು. ಆಮೇಲೆ ಇಲ್ಲಿಯವರೆಗೆ ಭಾರತ ಒಂದು ಸಲವೂ ಪುರುಷರ ವಿಶ್ವಕಪ್ಪಿನಲ್ಲಿ ಆಡಿಲ್ಲ.

ಹೆಲ್ಸಿಂಕಿ 1952: ಹತ್ತು ಒಂದು

ಗೆಳೆಯರೇ, ಈ ಭಾಗ ಬರೆಯುವುದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಗೆಳೆಯನಿಗೆ ಧೈರ್ಯ ಹೇಳಲು ಹೊರಟವನು ನಾನು. ಇದನ್ನು ಬಿಟ್ಟುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಇಸವಿ ಸರಿಯಾಗಿರಬೇಕು ಅಂದ ಮೇಷ್ಟ್ರು ಉಳಿದಿದ್ದೂ ಸರಿಯಾಗಿರಬೇಕು ಅಂತಲೇ ಹೇಳಿದ್ದು.

1952ರ ಜುಲೈ 15. ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರ. ಭೂಪಟದಲ್ಲಿ ತುಂಬ ಮೇಲೆ, ಉತ್ತರ ಧ್ರುವದ ಕಡೆಗೆ ಇದೆ, ಬೇಸಿಗೆಯಲ್ಲೂ ತಂಪು. ಎದುರಾಳಿ ಯುಗೋಸ್ಲಾವಿಯಾ. (ಈ ದೇಶ ಈಗ ಇಲ್ಲ, ಒಡೆದು ಹಲವು ದೇಶಗಳಾಗಿವೆ.) ನಮ್ಮವರಲ್ಲಿ ಹಲವರದು ಇನ್ನೂ ಬರಿಗಾಲು. ಅರ್ಧ ಆಟ ಮುಗಿದಾಗ 5-0. ಜೆಬೆಕ್ ಅನ್ನುವವರೊಬ್ಬರೇ ನಾಲ್ಕು ಗೋಲು ಹೊಡೆದರು. ಕೊನೆಗೆ 10-1.

ಹತ್ತು ಒಂದು. ನಾನು ಗೋಲಿ, ಆದ್ದರಿಂದ ಅವತ್ತಿನ ನಮ್ಮ ಗೋಲಿಯ ಬಗ್ಗೆ ತುಂಬ ಯೋಚಿಸಿದೆ. ಒಂದೊಂದು ಸಲವೂ ಬಲೆಯೊಳಗಿಂದ ಬಾಲ್ ಎತ್ತಿಕೊಂಡು ಬಂದು ಮಧ್ಯಕ್ಕೆ ಎಸೆಯಬೇಕು. ಹತ್ತು ಸಲ. ಆರು ಸಲವೇ ನನಗೆ ಸಾಕಾಗಿತ್ತು, ಮೂರನೇದು ಆದಮೇಲೆ ನಾನು ಯಾರ ಮುಖವನ್ನೂ ನೋಡಲಿಲ್ಲ.

ಆ ಒಂದು ಗೋಲು ಯಾರದು ಗೊತ್ತೇ? ಅಹಮದ್ ಖಾನ್ ಅವರದು. ಎಷ್ಟನೇ ನಿಮಿಷದಲ್ಲಿ ಗೊತ್ತೇ? 89ನೇ ನಿಮಿಷದಲ್ಲಿ. ನಾಲ್ಕು ವರ್ಷದ ಹಿಂದೆ ಫ್ರಾನ್ಸ್ ನಮ್ಮನ್ನು ಸೋಲಿಸಿದ್ದೂ 89ನೇ ನಿಮಿಷದಲ್ಲೇ. ಹತ್ತು ಗೋಲು ತಿಂದಮೇಲೆ, ಗೆಲ್ಲುವುದಿರಲಿ ಸಮ ಮಾಡುವ ಮಾತೂ ಇಲ್ಲದಾಗ, ಮುಗಿಯಲು ಒಂದು ನಿಮಿಷ ಇರುವಾಗ ಅವರು ಇನ್ನೂ ಓಡುತ್ತಿದ್ದರು ಅಂತ ಇದರ ಅರ್ಥ. ನಮ್ಮ ಪಂದ್ಯದ ಕೊನೆಯ ನಿಮಿಷದಲ್ಲಿ ನಾವು ಏನು ಮಾಡುತ್ತಿದ್ದೆವು ಅಂತ ನಿಮಗೆ ಗೊತ್ತು. ನೀರಿನ ಬಿಂದಿಗೆ ಕಡೆ ನೋಡುತ್ತಿದ್ದೆವು.

ಯುಗೋಸ್ಲಾವಿಯಾ ಸಾಮಾನ್ಯ ತಂಡ ಅಲ್ಲ. ಮುಂದಿನ ಪಂದ್ಯದಲ್ಲಿ ಸೋವಿಯತ್ ತಂಡದ ಜೊತೆ 5-5 ಆಡಿ, ಮತ್ತೆ ಆಡಿಸಿದಾಗ ಗೆದ್ದು, ಕೊನೆಗೆ ಬೆಳ್ಳಿ ಪದಕ ಪಡೆಯಿತು. ಹಂಗಾದ್ರೂ ಹತ್ತು ಹತ್ತೇ.

ಆ ಪಂದ್ಯ ಆದಮೇಲೆ ಭಾರತದ ಫುಟ್ಬಾಲ್ ನಡೆಸುವವರು ಇನ್ನು ಬೂಟು ಕಡ್ಡಾಯ ಅಂತ ನಿಯಮ ಮಾಡಿದರು. ಹಳಬರಿಗೆ ಇದು ಕಷ್ಟವಾಯಿತು. ಹುಟ್ಟಿದಾಗಿನಿಂದ ಬರಿಗಾಲಲ್ಲಿ ಬಾಲನ್ನು ಮುಟ್ಟಿ ತಿಳಿದವರು ಈಗ ಚರ್ಮದ ಹಿಂದಿನಿಂದ ತಿಳಿಯಬೇಕು. ಇಪ್ಪತ್ತಾರು ದಾಟಿದ ಅಹಮದ್ ಖಾನ್ ಕೂಡ ಬೂಟಿಗೆ ಹೊಂದಿಕೊಂಡು ಇನ್ನೂ ಹಲವು ವರ್ಷ ಆಡಿದರು.

ನಾಲ್ಕು ವರ್ಷ ಕಳೆಯಿತು. 1956, ಮೆಲ್ಬರ್ನ್ ಒಲಿಂಪಿಕ್ಸ್. ಭಾರತ ಬೂಟು ಹಾಕಿಕೊಂಡು ಹೋಯಿತು. ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಅವರೊಬ್ಬರೇ ಮೂರು ಗೋಲು ಹೊಡೆದರು. ಸೆಮಿಫೈನಲಿನಲ್ಲಿ ಎದುರಿಗೆ ಬಂದವರು ಯಾರು? ಅದೇ ಯುಗೋಸ್ಲಾವಿಯಾ! ಮೊದಲ ಗೋಲು ಭಾರತದ್ದು. ಸ್ವಲ್ಪ ಹೊತ್ತು ನಾವು 1-0 ಮುಂದಿದ್ದೆವು. ಆಮೇಲೆ 4-1 ಸೋತೆವು. ಕೊನೆಗೆ ನಾಲ್ಕನೇ ಸ್ಥಾನ. ಆ ತಂಡದಲ್ಲಿ ಅಹಮದ್ ಖಾನ್ ಇರಲಿಲ್ಲ. ಆದರೆ ಬೆಂಗಳೂರಿನ ಇನ್ನೊಬ್ಬರಿದ್ದರು, ಕೆಂಪಯ್ಯ ಅಂತ. ಹೆಸರು ಕೇಳಿದರೆ ನಮ್ಮ ಪಕ್ಕದ ಬೀದಿಯವರು ಅನ್ನಿಸುತ್ತದೆ. ಅವರ ಕಥೆ ಬೇರೆಯದೇ ಇದೆ, ಯಾರಾದರೂ ಮುಂದಿನ ತಿಂಗಳು ಬರೆಯಲಿ.

ಅಹಮದ್ ಖಾನ್ ಅವರು ಬೆಂಗಳೂರಿನಲ್ಲಿ 2017ರ ಆಗಸ್ಟ್ 27ರಂದು ತೀರಿಕೊಂಡರು. ಆಗ ಅವರಿಗೆ 90 ವರ್ಷ. ಅಂದರೆ ನಾನು ಹುಟ್ಟಿದಾಗ ಅವರು ಇನ್ನೂ ಇದ್ದರು. ಇಲ್ಲಿಂದ ಬಸ್ಸಿನಲ್ಲಿ ಹೋಗಿ ನೋಡಿಬರುವಷ್ಟು ದೂರದಲ್ಲೇ ಇದ್ದರು.

ಇದನ್ನೆಲ್ಲ ಗೋಡೆಗೆ ಹಾಕುವ ಮುಂಚೆ ಗೆಳೆಯನಿಗೆ ಓದಿ ಹೇಳಿದೆ. ಹತ್ತು ಒಂದು ಅಂದಾಗ ಅವನು ನಗಲಿಲ್ಲ. “ಬೂಟು ಬೇಕು ಅಂತ ತಾನೇ ಆಯ್ತು ಕೊನೆಗೆ? ನಾನ್ ಹೇಳಿದ್ದೂ ಅದೇಯ” ಅಂದ. ಅವನು ಹೇಳಿದ್ದು ಅರ್ಧ ಸರಿ ಅಂತ ನಾನು ಒಪ್ಪಿಕೊಂಡೆ. ಬೂಟು ಬೇಕು. ಆದರೆ ಬೂಟು ಬರುವ ಮುಂಚೆಯೇ ಅವರು ಕಲಿತಾಗಿತ್ತಲ್ಲ, ಆಮೇಲೆ ತಾನೇ ಬೂಟು ಬಂದಿದ್ದು ಅಂದೆ. ಅವನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕಾಲು ಮುಂದೆ ಚಾಚಿ ತೋರಿಸಿದ. ಉಗುರು ಅರ್ಧ ಬೆಳೆದಿದೆ.

ಪಿ.ಟಿ. ಮೇಷ್ಟ್ರು ಅವನ ಅಪ್ಪನ ಹತ್ತಿರ ಮಾತಾಡುತ್ತೇನೆ ಅಂದಿದ್ದಾರೆ, ಕಬ್ಬು ಕಡಿಯುವ ಕೆಲಸ ಮುಗಿದ ಮೇಲೆ. ಮೈದಾನದಲ್ಲಿ ಹಾಕಿರುವ ಹುರುಳಿ ಒಕ್ಕಣೆಯೂ ಆ ಹೊತ್ತಿಗೆ ಮುಗಿದಿರುತ್ತದೆ. ಬೂಟಿನವರು ಬೂಟಿನವರ ಜೊತೆ, ಬರಿಗಾಲಿನವರು ಬರಿಗಾಲಿನವರ ಜೊತೆ ಆಡಬೇಕು ಅಂತ ಈ ಸಲ ಮೊದಲೇ ಮಾತಾಡಿಕೊಳ್ಳುತ್ತಾರಂತೆ. ಅಲ್ಲಿಯವರೆಗೆ ದಿನಾ ಸಾಯಂಕಾಲ ಮೈದಾನದ ಸುತ್ತ ಓಡುವುದು ಅಂತ ನಾವು ಐದು ಜನ ತೀರ್ಮಾನಿಸಿದ್ದೇವೆ. ಎಪ್ಪತ್ತು ನಿಮಿಷ ಅಲ್ಲ, ಸದ್ಯಕ್ಕೆ ಇಪ್ಪತ್ತು. ಹೆಣ್ಣುಮಕ್ಕಳಲ್ಲಿ ಇಬ್ಬರು ನಾವೂ ಬರ್ತೀವಿ ಅಂದಿದ್ದಾರೆ. ಅವರಲ್ಲಿ ಒಬ್ಬಳು ನಮ್ಮೆಲ್ಲರಿಗಿಂತ ಜೋರು ಓಡುತ್ತಾಳೆ.

ಬೀರುವಿನ ಮೇಲಿರುವ ಬಾಲನ್ನು ಕೆಳಗಿಳಿಸಲು ಹೆಡ್ ಮೇಷ್ಟ್ರು ಒಪ್ಪಿದ್ದಾರೆ. ಗಾಳಿ ಹಾಕುವ ಪಂಪು ಇದೆ, ಅದರ ಸೂಜಿ ಕಳೆದುಹೋಗಿದೆ. ದಸರಾ ರಜೆಗೆ ಮುಂಚೆ ಯಾರೋ ಆರನೇ ಕ್ಲಾಸಿನವರು ತೆಗೆದುಕೊಂಡು ಹೋಗಿದ್ದರಂತೆ. ಯಾರ ಹತ್ತಿರ ಇದ್ದರೂ ದಯವಿಟ್ಟು ಶನಿವಾರದೊಳಗೆ ನನಗೆ ತಂದುಕೊಡಿ. ಯಾರು ತಗೊಂಡಿದ್ದು ಅಂತ ಕೇಳುವುದಿಲ್ಲ.

— ಏಳನೇ ತರಗತಿ